ಹೊಲಿಗೆಯೊಳಗಿನ ಎರಡಂಗುಲ

ಏಪ್ರಿಲ್ 21, ಸೋಮವಾರ, ಬೆಳಿಗ್ಗೆ 11

ಅದೇ ಮೂರು ನೈಟಿ. ಒಂದು ಮೈಮೇಲೆ, ಒಂದು ತಂತಿಯ ಮೇಲೆ, ಮೂರನೆಯದರ ಮೇಲೆ ಮಹಾರಾಣಿ ಈಗಷ್ಟೇ ಹಾಲು ಕಕ್ಕಿದಳು. ನಾಲ್ಕು ತಿಂಗಳ ಮಹಾರಾಣಿ. ಮಲಗಿದಳು. ಅರ್ಧ ಗಂಟೆ ನನ್ನದು.

ಶೋರೂಮಿನಿಂದ ಫೋನು. ಮ್ಯಾನೇಜರ್. "ಜೂನ್ ಎರಡಕ್ಕೆ ಬರ್ತೀರಲ್ಲ ಮೇಡಂ? ಆಗಲ್ಲ ಅಂದ್ರೆ ಈಗಲೇ ಹೇಳಿ, ನಿಮ್ಮ ಫ್ಲೋರು ಬೇರೆಯವರಿಗೆ ಕೊಡ್ತೀನಿ. ಆಮೇಲೆ ನನ್ನ ಬೈಕೋಬಾರ್ದು."

ಬರುತ್ತೇನೆ ಎಂದೆ. ಎರಡು ಸಲ ಎಂದೆ. ಏಳು ವರ್ಷ ಆ ಫ್ಲೋರಿನಲ್ಲಿ ನಿಂತು ಟೈಲ್ಸ್ ಮಾರಿದ್ದೇನೆ. ಬಚ್ಚಲಿಗೆ ಕಾಲಿಟ್ಟರೆ ಸಾಕು, ನೀರು ಯಾವ ಮೂಲೆಯಲ್ಲಿ ನಿಲ್ಲುತ್ತದೆ ಅಂತ ಹೇಳಬಲ್ಲೆ. ಅದನ್ನು ಬಿಟ್ಟುಕೊಡುವವಳಲ್ಲ ನಾನು.

ಏನು ಹಾಕಿಕೊಂಡು ಹೋಗುವುದು ಅಂತ ನೋಡೋಣವೆಂದು ಬೀರು ತೆಗೆದೆ. ಅಮ್ಮನ ಹತ್ತಿರ ಮೂರು ತಿಂಗಳಿದ್ದು ನಿನ್ನೆ ಬಂದಿದ್ದೇನೆ, ಇನ್ನೂ ತೆಗೆದಿರಲಿಲ್ಲ. ಖಾಲಿ! ಬರೀ ಹ್ಯಾಂಗರು. ಶರ್ಟುಗಳಿಲ್ಲ, ಪ್ಯಾಂಟುಗಳಿಲ್ಲ. ಮೊದಲ ಸಂಬಳದ ಬೂದು ಕೋಟು — ಅದೂ ಇಲ್ಲ.

ಸಂಜೆ 7

ಇವನನ್ನು ಕೇಳಿದೆ. ಗಂಡನನ್ನು. ಶೂ ಬಿಚ್ಚುತ್ತಾ ಹೇಳಿದ, "ಓ, ಅದಾ... ನೀನಿಲ್ಲದಾಗ ಅತ್ತಿಗೆ ಮನೆ ಕ್ಲೀನ್ ಮಾಡಿದ್ರು. ಹಳೇದೆಲ್ಲ ಯಾರಿಗೋ ಕೊಟ್ರು ಅನ್ಸುತ್ತೆ. ಬಿಡು, ಹೇಗೂ ನಿಂಗೆ ಹಿಡೀತಿರ್ಲಿಲ್ಲ. ಬಿಡು."

ಎಲ್ಲದಕ್ಕೂ ಇವನದೊಂದು ಬಿಡು.

ಅತ್ತಿಗೆ ಅಂದರೆ ಮಹಡಿಯ ಮೇಲಿನ ನನ್ನ ಓರಗಿತ್ತಿ, ಇವನ ಅಣ್ಣನ ಹೆಂಡತಿ. ಬಾಯಿ ತೆರೆದರೆ ಬೆಣ್ಣೆ. ಮನಸ್ಸಿನಲ್ಲಿ ನಾನು ಕರೆಯುವುದೇ ಬೆಣ್ಣೆಡಬ್ಬಿ ಅಂತ. ಅವಳಿಗೆ ಮಕ್ಕಳಿಲ್ಲ. ನಾನು ಕೆಲಸಕ್ಕೆ ಹೋದಾಗ ಮಗು ತನಗೇ ಬೇಕು ಅಂತ ಹೊಟ್ಟೆಯಲ್ಲಿರುವಾಗಲೇ ಬುಕ್ ಮಾಡಿಟ್ಟವಳು. ಅಕ್ಕ ಅಕ್ಕ ಅಂತ ನಂಬಿದ್ದಕ್ಕೆ ಒಳ್ಳೇ ಉಡುಗೊರೆ ಕೊಟ್ಟಳು. ನನ್ನ ಬೀರುವಿಗೆ ಕೈ ಹಾಕಲು ಅವಳ್ಯಾರು?

ಹೋಗಿ ಕೇಳುವುದಿಲ್ಲ. ಕೇಳಿದರೆ ಸಾರಿ ಅನ್ನುತ್ತಾಳೆ, ಕಣ್ಣಲ್ಲಿ ನೀರು ತರುತ್ತಾಳೆ. ಆಮೇಲೆ ನಾನು ಕ್ಷಮಿಸಬೇಕಾಗುತ್ತದೆ. ನನಗೆ ಕ್ಷಮಿಸಲು ಇಷ್ಟವಿಲ್ಲ.

ಏಪ್ರಿಲ್ 25

ಟೇಪು ಹಿಡಿದೆ. ಸೊಂಟ ಮೂರಿಂಚು ಹೆಚ್ಚು. ಎದೆ ಬೆಳಿಗ್ಗೆ ಒಂದಳತೆ, ಸಂಜೆ ಇನ್ನೊಂದು.

ದೊಡ್ಡ ಅಂಗಡಿಗೆ ಹೋಗಿದ್ದೆ. ಅಲ್ಲಿನ ಹುಡುಗಿ ಅಡಿಯಿಂದ ಮುಡಿಯವರೆಗೆ ನೋಡಿ "ನಿಮ್ಮ ಸೈಜು ಮೇಲಿದೆ ಆಂಟಿ" ಎಂದಳು. ಆಂಟಿಯಂತೆ! ಒಂದು ಪ್ಯಾಂಟಿನ ಬೆಲೆಗೆ ಮಹಾರಾಣಿಯ ಒಂದು ತಿಂಗಳ ಡೈಪರ್ ಬರುತ್ತದೆ. ಅವಳಿಗೆ ಎರಡು ಜೊತೆ ಸಾಕ್ಸ್ ತೆಗೆದುಕೊಂಡು, ನನಗೇನೂ ಇಲ್ಲದೆ ಬಂದೆ. ಈ ಅವಮಾನವೂ ಬೆಣ್ಣೆಡಬ್ಬಿಯ ಲೆಕ್ಕಕ್ಕೇ.

ಮೇ 3, ಶನಿವಾರ

ಸಿಟ್ಟು ಇನ್ನೂ ಇಳಿದಿಲ್ಲ. ಬರೆದರೆ ಸರಿಹೋದೀತು.

ಬಸ್‌ಸ್ಟಾಪಿನ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಬಟ್ಟೆಯಂಗಡಿ. ಮಗುವನ್ನು ಎದೆಗೆ ಕಟ್ಟಿಕೊಂಡು ಹೋದೆ. ಅಂಗಡಿಯಾಕೆಗೆ ದಪ್ಪ ಕನ್ನಡಕ, ಬಾಯಲ್ಲಿ ಸದಾ ಗುಂಡುಸೂಜಿ. ಒಂದೊಂದೇ ಹ್ಯಾಂಗರು ಸರಿಸುತ್ತಾ ಹೋದೆ. ಒಂದು ಹಸಿರು ಶರ್ಟು. ನನ್ನ ಹತ್ತಿರವೂ ಇಂಥದೇ ಇತ್ತಲ್ಲ ಅಂದುಕೊಂಡೆ. ಅಂಚು ಮಗುಚಿ ನೋಡಿದೆ.

ಕೆಂಪು ದಾರದ ಎರಡು ಹೊಲಿಗೆ, ಅಡ್ಡಡ್ಡ.

ಅಮ್ಮನ ಗುರುತು. ಅಮ್ಮ ನಲವತ್ತು ವರ್ಷ ಟೈಲರ್, ನನ್ನ ಕೆಲಸದ ಬಟ್ಟೆಯೆಲ್ಲ ಅವಳೇ ಹೊಲಿದದ್ದು. ಇಸ್ತ್ರಿಗೆ ಕೊಟ್ಟ ಬಟ್ಟೆ ಅದಲು ಬದಲಾಗಬಾರದೆಂದು ಎಲ್ಲದಕ್ಕೂ ಒಳಗಡೆ ಈ ಗುರುತು ಹಾಕುತ್ತಾಳೆ. ಬೆಣ್ಣೆಡಬ್ಬಿ ಕೊಟ್ಟದ್ದಲ್ಲ — ಮಾರಿದ್ದಾಳೆ! ನನ್ನ ಬಟ್ಟೆ ನಾನೇ ದುಡ್ಡು ಕೊಟ್ಟು ಕೊಂಡುಕೊಂಡೆ.

ಮನೆಗೆ ಬಂದು ಹಾಕಿ ನೋಡಿದರೆ ಗುಂಡಿ ಕೂಡುತ್ತಿಲ್ಲ. ಒಂದು ಕ್ಷಣ ಅಳು ಬಂತು. ಆಮೇಲೆ ಪಕ್ಕದ ಹೊಲಿಗೆ ಮುಟ್ಟಿದೆ, ದಪ್ಪಗಿತ್ತು. ಅಯ್ಯೋ, ಮರೆತೇಬಿಟ್ಟಿದ್ದೆ! ಅಮ್ಮ ಯಾವತ್ತೂ ಹೇಳುವ ಮಾತು: "ಹೆಂಗಸ್ರ ಬಟ್ಟೇಲಿ ಒಳಗೆ ಎರಡಂಗುಲ ಬಿಡ್ಬೇಕು ಕಣೇ. ಮೈ ಯಾರ ಮಾತೂ ಕೇಳಲ್ಲ."

ಹಳೆಯ ಹೊಲಿಗೆ ಬಿಚ್ಚಿದೆ. ಒಳಗೆ ಮಡಿಸಿಟ್ಟ ಬಟ್ಟೆ ಹೊರಗಿನದಕ್ಕಿಂತ ಕಡು ಹಸಿರು, ಬಿಸಿಲು ಕಂಡದ್ದೇ ಇಲ್ಲ. ಅಮ್ಮ ಕೊಟ್ಟ ಕೈಮಿಷಿನ್ನಿನಲ್ಲಿ ಹೊಸ ಹೊಲಿಗೆ ಹಾಕಿದೆ. ಹಿಡಿಸಿತು.

ಮೇ 4, ಭಾನುವಾರ

ಭಾನುವಾರ ಮಧ್ಯಾಹ್ನ ಎಲ್ಲರಿಗೂ ಮಹಡಿಯ ಮೇಲೇ ಊಟ. ಹಸಿರು ಶರ್ಟು ಹಾಕಿಕೊಂಡು ಹೋದೆ. ಬಾಗಿಲು ತೆರೆದವಳು ಸೌಟು ಹಿಡಿದುಕೊಂಡೇ ನಿಂತಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ!

"ನೀವು ಬೀರು ಕ್ಲೀನ್ ಮಾಡಿದ್ದು ಒಳ್ಳೇದೇ ಆಯ್ತು ಅಕ್ಕ" ಎಂದೆ, ನಾನೂ ಬೆಣ್ಣೆ ಸವರಿ. "ಎಷ್ಟು ಹಗುರ ಅನ್ಸುತ್ತೆ ಗೊತ್ತಾ."

ಅವಳು ಇವನ ಮುಖ ನೋಡಿದಳು. ಇವನು ತಟ್ಟೆ ನೋಡಿದ. "ಚೆನ್ನಾಗಿದೆ, ಹೊಸದಾ?" ಎಂದ ನನಗೆ. ಪಾಪ, ಗಂಡಸರಿಗೆ ಹೆಂಡತಿಯ ಬಟ್ಟೆ ಎಲ್ಲಿ ಗುರುತು ಸಿಗುತ್ತದೆ.

ಎರಡು ಸಲ ಬಡಿಸಿಕೊಂಡು ಉಂಡೆ.

ಮೇ 11, ಭಾನುವಾರ

ಕಪ್ಪು ಪ್ಯಾಂಟು ಸಿಕ್ಕಿತು. ಸೊಂಟದಲ್ಲಿ ಅಮ್ಮ ಬಿಟ್ಟಿದ್ದು ಎರಡಂಗುಲವಲ್ಲ, ಮೂರು. ಹಾಕಿಕೊಂಡು ಮೇಲೆ ಹೋದೆ. ಬೆಣ್ಣೆಡಬ್ಬಿ ಕಲಸಿದ ಅನ್ನ ಹಾಗೇ ಬಿಟ್ಟು ಎದ್ದಳು. ಮೆಟ್ಟಿಲಿಳಿಯುವಾಗ ಹಿಂದೆ ಬಂದಳು. "ನಿನ್ನ ಹತ್ರ ಒಂದು ಮಾತು..." ಅಂದಳು. "ಮಗೂಗೆ ಹಸಿವು" ಅಂದು ಬಾಗಿಲು ಹಾಕಿಕೊಂಡೆ.

ಅಷ್ಟು ಸುಲಭಕ್ಕೆ ತಪ್ಪೊಪ್ಪಿಗೆ ಮಾಡಲು ಬಿಡುವುದಿಲ್ಲ. ಇನ್ನೂ ಮೂರ್ನಾಲ್ಕು ಬಟ್ಟೆ ಇವೆ. ಒಂದೊಂದಕ್ಕೂ ಬೇಯಲಿ.

ಮೇ 15

ಬೆಣ್ಣೆಡಬ್ಬಿ ದಿನಾ ನಾಲ್ಕು ಗಂಟೆಗೆ ಬಂದು ಮಹಾರಾಣಿಯನ್ನು ಎತ್ತಿಕೊಂಡು ಹೋಗುತ್ತಿದ್ದಳು. ಬಾಲ್ಕನಿಯಲ್ಲಿ ನಿಂತು ಅವಳಿಗೆ ಬಸ್ಸುಗಳ ನಂಬರು ಓದಿ ಹೇಳುತ್ತಿದ್ದಳು. ಇವತ್ತಿನಿಂದ ಅದೂ ಬಂದ್. ಬಾಗಿಲು ಅರ್ಧ ತೆರೆದು "ಮಲಗಿದಾಳೆ" ಎಂದೆ. ಸರಿಯಾಗಿ ಆಗಲೇ ನನ್ನ ಹಿಂದೆ ಮಹಾರಾಣಿ ಕೇಕೆ ಹಾಕಿದಳು.

ಓರಗಿತ್ತಿ ಮೇಲೆ ಹತ್ತಿಹೋದಳು, ಕಂಬಿ ಹಿಡಿದುಕೊಂಡು.

ಖುಷಿಯಾಗಬೇಕಿತ್ತು. ಆಯಿತು ಕೂಡ... ಸ್ವಲ್ಪ ಹೊತ್ತು.

ಮೇ 18, ಭಾನುವಾರ

ಇವತ್ತು ಮೇಲೆ ಊಟವಿಲ್ಲ. ಅವಳಿಗೆ ತಲೆನೋವಂತೆ.

ಇವನು ಮಗುವಿನ ಕಾಲು ನೀವುತ್ತಾ ಮೆತ್ತಗೆ ತೆಗೆದ, "ಅತ್ತಿಗೆ ಜೊತೆ ಹೀಗೆ ಮುಖ ಮುರ್ಕೊಂಡ್ರೆ ಮಗೂನ ಯಾರು ನೋಡ್ಕೋತಾರೆ? ಬೇಬಿ ಸಿಟ್ಟಿಂಗಿಗೆ ಕೊಟ್ರೆ ನಿನ್ನ ಅರ್ಧ ಸಂಬಳ ಅಲ್ಲೇ ಹೋಯ್ತು. ಒಂದೆರಡು ವರ್ಷ ಕೆಲಸ ಬಿಡು. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಇದನ್ನು ಯೋಚಿಸಿಯೇ ಇರಲಿಲ್ಲ. ಇನ್ನು ಎರಡು ವಾರ. ಹಾಕಿಕೊಳ್ಳಲು ಬಟ್ಟೆ ಬಂತು, ಮಗುವನ್ನು ಬಿಡಲು ಮಡಿಲು ಹೋಯಿತು. ಮಾಡಿಕೊಂಡವಳು ನಾನೇ.

ಆದರೂ ಮೇಲೆ ಹೋಗಿ ಕಾಲು ಹಿಡಿಯಲಾರೆ. ಕದ್ದವಳು ಅವಳು!

ಮೇ 24, ಶನಿವಾರ, ಮಧ್ಯಾಹ್ನ 1

ಕನ್ನಡಕದಾಕೆಯ ಅಂಗಡಿ. ಬಿಳಿ ಶರ್ಟು, ನೀಲಿ ಗೆರೆಯದು, ಕಂದು ಪ್ಯಾಂಟು — ಮೂರೂ ಸಿಕ್ಕವು. ಕೋಟು ಮಾತ್ರ ಇಲ್ಲ. "ಇವುಗಳ ಜೊತೆ ಒಂದು ಬೂದು ಕೋಟು ಬಂದಿತ್ತಾ?" ಎಂದು ಕೇಳಿದೆ.

ಗುಂಡುಸೂಜಿ ತೆಗೆದಳು. "ಕೋಟು ಬಂದಿಲ್ಲ ಮೇಡಂ. ಒಬ್ರೇ ತಂದಿದ್ದು ಇವೆಲ್ಲ, ಎರಡು ಚೀಲ. ಹೊಲಿಗೆ ಇಷ್ಟು ಚೆನ್ನಾಗಿದೆಯಲ್ಲ, ಯಾಕೆ ಕೊಡ್ತೀರಿ ಅಂತ ನಾನೇ ಕೇಳ್ದೆ. ನಮ್ಮನೆಯವ್ರಿಗೆ ಮಗು ಆಯ್ತು, ಕೆಲಸ ಬಿಟ್ರು, ಇನ್ನು ಇವೆಲ್ಲ ಯಾಕೆ, ಬಿಡಿ ಅಂದ್ರು. ಉದ್ದಕ್ಕಿದ್ರು. ಮಾತಿಗೊಂದ್ಸಲ ಬಿಡಿ, ಬಿಡಿ."

"ಅಂದ್ರು? ಹೆಂಗಸಲ್ವಾ?"

"ಇಲ್ಲಪ್ಪ, ಗಂಡಸು. ಚೌಕಾಸಿನೂ ಮಾಡ್ಲಿಲ್ಲ."

ಬಸ್‌ಸ್ಟಾಪಿನ ಬೆಂಚಿನಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ಎರಡು ಬಸ್ಸು ಬಿಟ್ಟೆ.

ಸಂಜೆ 5

ಮಗುವನ್ನು ಎತ್ತಿಕೊಂಡು ಮೇಲೆ ಹೋದೆ. ಬಾಗಿಲು ತೆರೆದಳು. ಮಹಾರಾಣಿಯನ್ನು ಅವಳ ಕೈಗೆ ಕೊಟ್ಟೆ. ಒಂಬತ್ತು ದಿನದ ಮೇಲೆ. ಮಹಾರಾಣಿ ಅವಳ ಮೂಗು ಹಿಡಿದುಕೊಂಡಳು, ಅವಳು ಅತ್ತೇಬಿಟ್ಟಳು.

"ನೀವಲ್ಲ" ಎಂದೆ.

ತಲೆಯಾಡಿಸಿದಳು. ಒಳಗೆ ಹೋಗಿ ಕವರಿನಲ್ಲಿ ಸುತ್ತಿಟ್ಟ ಏನನ್ನೋ ತಂದಳು. ನನ್ನ ಬೂದು ಕೋಟು.

"ನಿನ್ನ ಗಂಡ ಚೀಲ ಹೊತ್ಕೊಂಡು ಹೊರಟಿದ್ದ. ಎಲ್ಲಿಗೆ ಅಂದೆ. ಅವಳೇ ಹೇಳಿದಾಳೆ ಅಂದ. ನಂಗೆ ನಂಬಿಕೆ ಬರ್ಲಿಲ್ಲ. ಇದು ಮೊದಲ ಸಂಬಳದ್ದು ಅಂತ ನೀನು ಹೇಳಿದ್ಯಲ್ಲ... ಇದೊಂದು ಎಳ್ಕೊಂಡೆ."

"ಯಾಕೆ ಹೇಳ್ಲಿಲ್ಲ ಅಕ್ಕ?"

"ಗಂಡ-ಹೆಂಡ್ತಿ ಮಧ್ಯೆ ನಾನು ಬೆಂಕಿ ಹಚ್ಚಿದ ಹಾಗಾಗುತ್ತೆ ಅಂತ ಮೊದ್ಲು ಸುಮ್ಮನಿದ್ದೆ. ಆಮೇಲೆ ಹೇಳೋಣ ಅಂತ ಬಂದ್ರೆ ನೀನು ಬಾಗಿಲು ಹಾಕ್ದೆ. ಒಂದು ಮಾತು ಕೇಳ್ಬಾರ್ದಿತ್ತಾ ನೀನು?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆ. ಅದೂ ಮಗುವನ್ನು ಇಟ್ಟುಕೊಂಡು. ನಾಚಿಕೆಯಿಂದ ಸತ್ತೆ. ಸಾರಿ ಅಂದೆ. ಅವಳು ಮಗುವಿಗೆ ಆಗಲೇ ಕಿಟಕಿಯಲ್ಲಿ ಬಸ್ಸಿನ ನಂಬರು ಓದಿ ಹೇಳುತ್ತಿದ್ದಳು. ತಿರುಗದೆಯೇ ಕೇಳಿದಳು, "ಜೂನ್ ಎರಡು ತಾನೇ? ಎಂಟಕ್ಕೆ ಕರ್ಕೊಂಡು ಬಾ."

ಇನ್ನು ಮೇಲೆ ಬೆಣ್ಣೆಡಬ್ಬಿ ಅಂತ ಬರೆಯುವುದಿಲ್ಲ.

ಮೇ 30, ಶುಕ್ರವಾರ

ಆರು ದಿನ ನುಂಗಿಕೊಂಡಿದ್ದೆ. ಇವತ್ತು ಕೇಳಿದೆ. ಕೇಳದೆ ಇರುವುದರ ಬೆಲೆ ಗೊತ್ತಾಗಿದೆಯಲ್ಲ.

"ಬಟ್ಟೆ ಮಾರಿದ್ದು ನೀನಾ?"

ಮೊದಲು ಇಲ್ಲ ಎಂದ. ಕನ್ನಡಕದಾಕೆಯ ವಿಷಯ ಹೇಳಿದೆ. ಆಮೇಲೆ, "ನೋಡಿದ್ರೆ ನಿಂಗೆ ಬೇಜಾರಾಗುತ್ತೆ ಅಂತ... ಹಿಡಿಯಲ್ಲ ಅಲ್ವಾ."

"ಕೆಲಸ ಬಿಟ್ಲು ಅಂದ್ಯಂತೆ."

ಫೋನು ಮಗುಚಿಟ್ಟು ಗೊಣಗಿದ, "ಹಾಕ್ಕೊಳ್ಳೋಕೆ ಏನೂ ಇಲ್ಲಾಂದ್ರೆ ನೀನೇ ಸುಮ್ಮನಾಗ್ತೀಯ ಅಂದ್ಕೊಂಡೆ. ಬಾಯಿಬಿಟ್ಟು ಬೇಡ ಅಂದ್ರೆ ಜಗಳ ಆಡ್ತೀಯ. ಈಗ ಎಲ್ಲಾ ವಾಪಸ್ ಬಂತಲ್ಲ, ಬಿಡು."

ಎದುರಿಗೆ ನಿಂತು ಬೇಡ ಅನ್ನುವ ಧೈರ್ಯವಿಲ್ಲ. ನನ್ನ ಬಟ್ಟೆಯ ಜೊತೆ ಜಗಳವಾಡಿದ್ದಾನೆ. ಅತ್ತಿಗೆಯ ತಲೆಗೆ ಕಟ್ಟಿದ್ದಾನೆ. ನಾನೊಂದೊಂದೇ ಹಾಕಿಕೊಂಡು ಬಂದಾಗ ಅವಳು ಬೇಯುವುದನ್ನು ನೋಡುತ್ತಾ ಕೂತು ಉಂಡಿದ್ದಾನೆ. "ಚೆನ್ನಾಗಿದೆ, ಹೊಸದಾ?" ಅಂತ ಕೇಳಿದ್ದಾನಲ್ಲ, ಆ ಬಾಯಲ್ಲಿ! ಬಟ್ಟೆ ಮಾರಿದ್ದನ್ನು ಮರೆತೇನು. ಆ ಮಾತನ್ನು ಮರೆಯಲಾರೆ.

ಅಳಲಿಲ್ಲ, ಕೂಗಲಿಲ್ಲ. "ಆಯ್ತು ಬಿಡು" ಎಂದೆ. ಮುಖ ಅರಳಿತು ಇವನದು. ಪೆದ್ದ.

ಜೂನ್ 1, ಭಾನುವಾರ, ಬೆಳಿಗ್ಗೆ 10

ಇವನು ಕಟಿಂಗಿಗೆ ಹೋದ. ನಾಳೆ ಇವನಿಗೂ ದೊಡ್ಡ ಮೀಟಿಂಗು. ಮಹಾರಾಣಿ ಮೇಲಿದ್ದಾಳೆ, ಅಕ್ಕನ ಹತ್ತಿರ.

ನನ್ನ ಬೀರುವಿನಲ್ಲಿ ಮೂರು ಶರ್ಟು, ಎರಡು ಪ್ಯಾಂಟು, ಒಂದು ಕೋಟು. ವಾರಕ್ಕೆ ಆರು ದಿನ ಕೆಲಸ. ಶರ್ಟು ಸಾಲದು. ಹೊಸದಕ್ಕೆ ದುಡ್ಡಿಲ್ಲ.

ಇವನ ಬೀರು ತೆಗೆದೆ. ಆರು ಶರ್ಟು, ಇಸ್ತ್ರಿ ಮಾಡಿದ್ದು. ಒಳ್ಳೊಳ್ಳೆಯ ಬಟ್ಟೆ. ಇಷ್ಟು ದಿನ ನನಗೆ ಹೊಳೆಯಲೇ ಇಲ್ಲವಲ್ಲ!

ಅಮ್ಮನ ಕತ್ತರಿ ಹರಿತವಾಗಿದೆ.

10.40

ನೀಲಿಯದು ಆಯಿತು. ನನ್ನ ಅಳತೆಗೆ ಹೆಗಲು ಕತ್ತರಿಸಿದೆ, ಉದ್ದ ಕತ್ತರಿಸಿದೆ. ಬೂದು ಚೌಕಳಿಯದೂ ಆಯಿತು. ಬಟ್ಟೆ ಸೀಳುವ ಸದ್ದು ಎಷ್ಟು ಹಿತವಾಗಿದೆ! ತಿಂಗಳುಗಟ್ಟಲೆ ಇಷ್ಟು ಚೆನ್ನಾಗಿ ಉಸಿರಾಡಿರಲಿಲ್ಲ.

11.20

ಐದು ಮುಗಿಯಿತು. ಆರನೆಯದು ಕೆನೆಬಣ್ಣದ್ದು, ನಾಳೆಯ ಮೀಟಿಂಗಿನದು. ಕೊನೆಗೆಂದೇ ಇಟ್ಟಿದ್ದೆ. ಏಳನೆಯದು ಇವನ ಮೈಮೇಲಿದೆ, ಅದು ಇರಲಿ. ಬೆತ್ತಲೆ ಕಳಿಸುವಷ್ಟು ಕೆಟ್ಟವಳಲ್ಲ.

ಒಂದು ವಿಷಯದಲ್ಲಿ ಮಾತ್ರ ಅಮ್ಮನ ಮಾತು ಮೀರುತ್ತಿದ್ದೇನೆ. ಇವುಗಳ ಒಳಗೆ ಎರಡಂಗುಲವಲ್ಲ, ಒಂದು ದಾರದಷ್ಟೂ ಬಿಡುವುದಿಲ್ಲ. ಯಾರೂ ಬಿಚ್ಚಿ ವಾಪಸ್ ದೊಡ್ಡದು ಮಾಡಿಕೊಳ್ಳುವ ಹಾಗಿರಬಾರದು.

ಗೇಟಿನ ಸದ್ದು. ಬಂದ. ಶಿಳ್ಳೆ ಹಾಕಿಕೊಂಡು ಬರುತ್ತಿದ್ದಾನೆ. ಬರಲಿ. ಕೆನೆ ಶರ್ಟಿನ ಒಂದು ತೋಳು ಬಾಕಿ ಇದೆ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳಲು ಯಾರಾದರೂ ಬೇಕಿತ್ತು. ಬಾ, ಇಲ್ಲಿ ಹಿಡ್ಕೋ ಅನ್ನುತ್ತೇನೆ. ಏನಿದು ಅಂತ ಕೇಳಿದರೆ ಇವನದೇ ಮಾತು ಹೇಳುತ್ತೇನೆ, ಚೆನ್ನಾಗಿದೆ, ಹೊಸ—