ಹಸಿರು ಜಾಕೆಟ್ಟಿನ ಎಡತೋಳು

ಗುಬ್ಬೀ,

ನಿನ್ನ ಹಸಿರು ಜಾಕೆಟ್ ಹುಡುಕಬೇಡ. ಅದು ನನ್ನ ಟೈಲರ್ ಅಂಗಡಿಯಲ್ಲಿದೆ. ಮೈ ಒಂದು ಕಡೆ, ಎಡತೋಳು ಇನ್ನೊಂದು ಕಡೆ. ಇವತ್ತಿಗೆ ಅಮ್ಮನ ಸ್ವೆಟರ್ ಹಾಕಿಕೊಂಡು ಹೋಗು. ಬಯ್ಯುವುದಿದ್ದರೆ ಸಂಜೆ ಬಯ್ಯಿ, ಮೊದಲು ಪೂರ್ತಿ ಓದು.

ಇಂಟರ್ನ್‌ಶಿಪ್ಪಿಗೆ ಥೈಲ್ಯಾಂಡೋ ವಿಯೆಟ್ನಾಮೋ ಇವತ್ತೇ ಕಾಲೇಜಿನಲ್ಲಿ ಹೇಳಬೇಕಂತೆ. "ಗೆಳತಿಯರೆಲ್ಲ ಥೈಲ್ಯಾಂಡ್ ಅಂತಿದಾರಪ್ಪ, ನಿಂಗೇನನ್ಸುತ್ತೆ?" ಎಂದು ಕೇಳಿ ನೀನು ಮಲಗಿಬಿಟ್ಟೆ. ಎರಡೂ ಕಡೆ ಬಟ್ಟೆ ಕಾರ್ಖಾನೆಯೇ. ನೋಡದ ಊರಿನ ಬಗ್ಗೆ ನಾನೇನು ಹೇಳಲಿ? ನಿನ್ನ ಜಾಕೆಟ್ಟಿನ ಲೇಬಲ್ಲಿನಲ್ಲಿ ವಿಯೆಟ್ನಾಂ ಎಂದಿತ್ತು. ಅಲ್ಲಿಯವರ ಕೈ ಎಂಥದು ನೋಡೋಣ ಎಂದು ಬೆಳಗಾಗೆದ್ದು ಹೆಗಲಿನ ಹೊಲಿಗೆ ಬಿಚ್ಚಿದೆ. ಅಷ್ಟು ಅಗಲದ ತೋಳನ್ನು ಹೆಗಲಿನ ಅಷ್ಟು ಸಣ್ಣ ಸುತ್ತಿನೊಳಗೆ ಒಂದು ಸುಕ್ಕೂ ಬೀಳದಂತೆ ಹೇಗೆ ಕೂರಿಸಿದರೋ, ತಲೆಬುಡ ತಿಳಿಯಲಿಲ್ಲ. ನಾನು ಹೊಲಿದಾಗಲೆಲ್ಲ ಹೆಗಲು ಪೂರಿಯಂತೆ ಉಬ್ಬುತ್ತದೆ. ಬಿಚ್ಚುವುದು ಬಂತು, ಕೂಡಿಸುವುದು ಬರಲಿಲ್ಲ.

ಹಾಲು ಕಾಯಿಸಿಟ್ಟಿದ್ದೇನೆ, ಕುಡಿ.

ಓದು ನಿನ್ನದು, ಇಷ್ಟವೂ ನಿನ್ನದೇ. ವಿಯೆಟ್ನಾಂ ಎಂದರೆ, ತೋಳು ಕೂರಿಸುವವರ ಪಕ್ಕ ನಿಂತು ಕಲಿತು ಬಾ; ಅಲ್ಲಿಯವರೆಗೆ ಆ ತೋಳು ಅಂಗಡಿಯ ಮೊಳೆಗೆ ನೇತಾಡುತ್ತಿರಲಿ. ಥೈಲ್ಯಾಂಡ್ ಎಂದರೂ ನನ್ನ ತಕರಾರೇನಿಲ್ಲ. ಬಲತೋಳನ್ನೂ ಬಿಚ್ಚಿ ಕೊಡುತ್ತೇನೆ, ಅಲ್ಲಿ ಸೆಕೆಯಂತೆ.

ಅಪ್ಪ