ಹುಡುಗಿ ಎದ್ದು ನಿಂತಿರಲಿಲ್ಲ

ಮೇ 4, ಸೋಮವಾರ. ಮಧ್ಯಾಹ್ನ 2.10, ಊಟದ ಬಿಡುವು

ಬೆಳಗ್ಗೆಯಿಂದ ಇಪ್ಪತ್ಮೂರು ಸುತ್ತು. ಬಲಗಾಲು ಜೋಮು ಹಿಡಿದಿದೆ. ಜನರನ್ನು ಕೂರಿಸಿದ ಈ ಉಯ್ಯಾಲೆ ಹಡಗು ತೂಗುವಷ್ಟು ಹೊತ್ತೂ ಪೆಡಲ್ ಒತ್ತಿಕೊಂಡೇ ಇರಬೇಕು. ಕಾಲು ತೆಗೆದರೆ ತಾನಾಗಿ ನಿಧಾನವಾಗಿ ನಿಲ್ಲುತ್ತದೆ. ಈ ಪಾರ್ಕಿನಲ್ಲಿ ಹನ್ನೊಂದು ವರ್ಷವಾಯಿತು, ಎಡಗಾಲಿನ ಬೂಟು ಇನ್ನೂ ಹೊಸದರ ಹಾಗಿದೆ.

ಕೊನೆಯ ಸುತ್ತಿನಲ್ಲಿ ನಡುವೆಯೇ ಕಾಲು ತೆಗೆದೆ. ಹಿಂದಿನ ಸಾಲಿನಲ್ಲೊಬ್ಬ ಕನ್ನಡಕದವನು. ಹಡಗು ಮೇಲಕ್ಕೆ ಹೋದಾಗ ಕೋಲಿಗೆ ಸಿಕ್ಕಿಸಿದ ಫೋನನ್ನು ಹೊರಗೆ ಚಾಚಿದ. ಕೆಳಗೆ ಕ್ಯೂನಲ್ಲಿ ಅರವತ್ತು ತಲೆ. ಇಳಿದವನೇ ನನ್ನ ಗೂಡಿನ ಮುಂದೆ ಬಂದು ಫೋನನ್ನು ಮುಖಕ್ಕೇ ಹಿಡಿದ.

“ಯಾಕ್ ನಿಲ್ಸಿದ್ರಿ ಆಂಟಿ? ಟಿಕೆಟ್ ತಗೊಂಡೇ ಬಂದಿರೋದು!”

“ಟಿಕೆಟ್ ಕೊಟ್ಟಿರೋದು ಕೂರೋಕೆ ಕಣಪ್ಪ, ಇನ್ನೊಬ್ಬರ ತಲೆ ಒಡೆಯೋಕಲ್ಲ. ಆಚೆ ನಡಿ!”

ಕೂಗಿದ್ದು ಹೌದು. ಜೋರಾಗಿಯೇ ಕೂಗಿದೆ. ಉದ್ದಣ್ಣನ ಹುಬ್ಬಿನ ಮೇಲೆ ಐದು ಹೊಲಿಗೆ ಇದೆ. ಸಾಲು ಸಾಲಾಗಿ ಕೂತವರ ಮಡಿಲ ಕಂಬಿ ಒತ್ತಿ ನೋಡಿ, ಎಲ್ಲ ಸರಿ ಎಂದು ನನಗೆ ಕೈ ಎತ್ತುವವನು ಅವನೇ. ಎರಡು ವರ್ಷದ ಹಿಂದೆ ಮೇಲಿಂದ ಜಾರಿದ ಫೋನ್ ಕೊಟ್ಟ ಬಹುಮಾನ ಅದು. ಫೋನಿನವಳು ಓಡಿ ಬಂದು ಮೊದಲು ನೋಡಿದ್ದು ಗಾಜು ಒಡೆದಿದೆಯಾ ಅಂತ. ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಮೇ 5, ಮಂಗಳವಾರ. ಬೆಳಗ್ಗೆ

ಫೇಮಸ್ ಆಗಿದ್ದೇನೆ. ಹೆಸರು — ‘ಹಡಗಿನ ರಾಕ್ಷಸಿ’. ಹಲ್ಲುಜ್ಜುತ್ತಿದ್ದೆ, ಆ ಕನ್ನಡಕದವನ ವಿಡಿಯೋ ಮಗಳು ತಂದು ತೋರಿಸಿದಳು. ತಲೆ ಒಡೆಯುವ ಮಾತು ಕತ್ತರಿಸಿ ಎಸೆದಿದ್ದಾನೆ. ಉಳಿದಿರುವುದು “ಆಚೆ ನಡಿ!” ನಾಲ್ಕು ಸಲ, ಹಿಂದೆ ಎಮ್ಮೆಯ ಕೂಗು. ಮೂರು ಲಕ್ಷ ಜನ ನೋಡಿದ್ದಾರಂತೆ.

“ಎಲ್ಲರ ಸ್ಟೇಟಸ್‌ನಲ್ಲೂ ನೀನೇ ಅಮ್ಮ. ನಾನು ಇವತ್ತು ಕಾಲೇಜಿಗೆ ಹೋಗಲ್ಲ.”

“ಹೋಗು. ಯಾರಾದ್ರೂ ಕೇಳಿದ್ರೆ ನಮ್ಮಮ್ಮನೇ ಅನ್ನು. ಮನೇಲಿ ಇನ್ನೂ ಜೋರು ಅನ್ನು.”

ಹೊಲಿಗೆ ಮಿಷನ್ ಮುಂದೆ ಕೂತಿದ್ದ ಗಂಡ ಎನಿಸಿಕೊಂಡ ಮಹಾಶಯರು ತಲೆ ಎತ್ತದೆ ಹೇಳಿದರು: “ಇಪ್ಪತ್ತು ವರ್ಷದಿಂದ ಈ ಮುಖಾನ ನಾನೊಬ್ಬನೇ ನೋಡ್ತಿದ್ದೆ. ಈಗ ಮೂರು ಲಕ್ಷ ಜನ ಹೆಗಲು ಕೊಟ್ಟಿದಾರೆ.”

ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ಅತ್ತುಬಿಟ್ಟೆ. ಯಾರೂ ಓದದ ಪುಸ್ತಕ ಇದು, ಇಲ್ಲೇಕೆ ಮುಚ್ಚಿಡಲಿ.

ಮೇ 6, ಬುಧವಾರ

ಮ್ಯಾನೇಜರ್ ಕರೆಸಿದರು. ಎ.ಸಿ. ರೂಮು, ಕುರ್ಚಿ ತೋರಿಸಿದರು. ಕುರ್ಚಿ ತೋರಿಸಿದರೆ ಏನೋ ಕಾದಿದೆ ಅಂತಲೇ ಲೆಕ್ಕ.

“ಒಂದು ಚಿಕ್ಕ ವಿಡಿಯೋ ಮಾಡಿಬಿಡೋಣ ಮೇಡಂ. ನಗ್ತಾ ನಗ್ತಾ ಸಾರಿ ಅಂದ್ಬಿಡಿ. ಮೂವತ್ತು ಸೆಕೆಂಡ್.”

“ತಪ್ಪು ಮಾಡಿದ್ರೆ ಕಾಲಿಗೂ ಬೀಳ್ತೀನಿ ಸಾರ್. ಮಾಡಿಲ್ಲವಲ್ಲ. ಹಡಗು ಹತ್ತೋ ಮುಂಚೆ ಎಲ್ಲರ ಫೋನೂ ಇಸ್ಕೊಳ್ಳೋಕೆ ಒಂದು ಪೆಟ್ಟಿಗೆ ಇಡಿ ಅಂತ ಮೂರು ಸಲ ಬರೆದುಕೊಟ್ಟಿದೀನಿ.”

“ಅವರ ವಿಡಿಯೋನೇ ನಮ್ಮ ಜಾಹೀರಾತು. ಫೋನ್ ಕಿತ್ಕೊಂಡ್ರೆ ಯಾರು ಬರ್ತಾರೆ ಹೇಳಿ?”

ತಲೆ ಒಡೆಸಿಕೊಂಡವನು ಇವರ ಜಾಹೀರಾತಿನಲ್ಲಿ ಬರುವುದಿಲ್ಲ. ಸಾರಿ ಹೇಳುವುದಿಲ್ಲ ಅಂದೆ. ಮತ್ತೆ ಅಂದೆ. ಎದ್ದು ಬಂದೆ.

ಮೇ 8, ಶುಕ್ರವಾರ. ಸಂಜೆ

ಒಂಬತ್ತನೇ ಸಾಲಿನ ಕಂಬಿ ಕೈ ಕೊಟ್ಟಿದೆ. ಮಡಿಲ ಮೇಲೆ ಕಂಬಿ ಇಳಿಸಿದಾಗ ಎರಡು ಸದ್ದು ಬರಬೇಕು. ಟಕ್, ಟಕ್. ಕಣ್ಣಿಗಿಂತ ಕಿವಿಯನ್ನೇ ನಂಬುವ ಕೆಲಸ ನಮ್ಮದು. ಇವತ್ತು ಒಂದೇ ಟಕ್. ಮೆಕ್ಯಾನಿಕ್ ಬಂದ, ತಲೆ ಕೆರೆದುಕೊಂಡ, ಸ್ಪ್ರಿಂಗ್ ಸೋಮವಾರ ಬರುತ್ತದೆ ಅಂದ. ಸಾಲಿಗೆ ಅಡ್ಡ ಹಗ್ಗ ಕಟ್ಟಿದೆ. ರಿಜಿಸ್ಟರ್‌ನಲ್ಲಿ ಬರೆದೆ.

ನಾಳೆ, ನಾಡಿದ್ದು ರಜೆ. ತಂಗಿ ಮನೆ ಬದಲಾಯಿಸುತ್ತಿದ್ದಾಳೆ, ಸಾಮಾನು ಕಟ್ಟಲು ಹೋಗಬೇಕು. ಗೂಡಿನಲ್ಲಿ ಉದ್ದಣ್ಣ ಕೂರುತ್ತಾನೆ.

“ನಾನು ಬರೋವರೆಗೂ ಆ ಸಾಲಲ್ಲಿ ನೊಣ ಕೂಡ ಕೂರಬಾರದು.”

“ಆಯ್ತಕ್ಕ, ನೊಣ ಬಂದ್ರೆ ಹತ್ತನೇ ಸಾಲಿಗೆ ಕಳಿಸ್ತೀನಿ.”

ಮೇ 11, ಸೋಮವಾರ. ಮಧ್ಯಾಹ್ನ

ಗೇಟಿನಲ್ಲಿ ಆಳೆತ್ತರದ ಬೋರ್ಡು! ‘ಪಾರ್ಕಿನೊಳಗೆ ಫೋಟೊ, ವಿಡಿಯೋ ಸಂಪೂರ್ಣ ನಿಷೇಧ.’ ಪಕ್ಕದಲ್ಲಿ ಕೈ ಎತ್ತಿ ಕೂಗುತ್ತಿರುವ ನನ್ನದೇ ಚಿತ್ರ. ರಾಕ್ಷಸಿಗೆ ಪ್ರಮೋಷನ್. ಸುಳ್ಳೇಕೆ, ಎದೆ ಉಬ್ಬಿತು. ಎರಡು ಸಲ ಹಿಂದಕ್ಕೆ ನಡೆದು ನೋಡಿಕೊಂಡೆ.

ಮ್ಯಾನೇಜರೇ ಗೂಡಿಗೆ ಬಂದರು. ಶನಿವಾರ ಹನ್ನೊಂದನೇ ಸಾಲಿನಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಸೆಲ್ಫಿಗಾಗಿ ಎದ್ದು ನಿಂತು ಬಿದ್ದಳಂತೆ. ಅಮ್ಮ ಹಿಡಿದುಕೊಂಡದ್ದಕ್ಕೆ ಜೀವ ಉಳಿದಿದೆ, ಕೈ ಮುರಿದಿದೆ.

“ನೀವು ಹೇಳಿದ್ದೇ ಸರಿ ಮೇಡಂ. ನಾವೇ ಕೇಳಲಿಲ್ಲ.”

ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಬಾಯಿಂದ ಆ ಮಾತು. ಒಂಬತ್ತನೇ ಸಾಲಿಗೆ ಹೊಸ ಸ್ಪ್ರಿಂಗೂ ಬಿದ್ದಿದೆ, ಎರಡು ಟಕ್. ಉದ್ದಣ್ಣನನ್ನು ನೀರಾಟದ ಕಡೆಗೆ ಹಾಕಿದ್ದಾರೆ. ಅಲ್ಲೂ ಒಬ್ಬ ಬೇಕಲ್ಲ ಅಂದುಕೊಂಡೆ.

ಹನ್ನೆರಡಕ್ಕೆ ಗೇಟಿನಲ್ಲಿ ಗಲಾಟೆ. ಹುಡುಗಿಯ ತಾತ. ಫೋನ್ ಹಿಡಿದುಕೊಂಡು ಮ್ಯಾನೇಜರನ್ನು ನೋಡಬೇಕು ಅನ್ನುತ್ತಾರೆ, ಸೆಕ್ಯುರಿಟಿಯವನು ಫೋನ್ ಒಳಗೆ ಬಿಡುವುದಿಲ್ಲ ಅನ್ನುತ್ತಾನೆ. ಬೋರ್ಡಿನವಳನ್ನೇ ಕರೆಸಿದರು. ಹೋದೆ. ಜನರ ಮುಂದೆ ಅಂದುಬಿಟ್ಟೆ: “ಮಗೂ ಕೈಗೆ ಫೋನ್ ಕೊಟ್ಟು ಮೇಲೆ ಹತ್ತಿಸಿದ್ದು ಯಾರು ತಾತ? ಈಗ ಇಲ್ಲಿ ಬಂದು ಕೂಗಿದ್ರೆ ಏನು ಬಂತು?”

ತಾತ ಫೋನನ್ನು ಜೇಬಿಗೆ ಹಾಕಿಕೊಂಡರು. ನನ್ನನ್ನೇ ನೋಡಿದರು.

ಮೇ 12, ಮಂಗಳವಾರ. ಬೆಳಗ್ಗೆ 6

ನಿನ್ನೆ ಡ್ಯೂಟಿ ಮುಗಿಸಿ ಬಸ್ ಸ್ಟಾಪಿಗೆ ಬಂದರೆ ಬೆಂಚಿನ ಮೇಲೆ ಅವರೇ. ಐದು ಗಂಟೆಯಿಂದ ಕಾದಿದ್ದಾರೆ. “ಒಂದು ನಿಮಿಷ ನೋಡಮ್ಮ. ಆಮೇಲೆ ಎಷ್ಟು ಬೇಕಾದ್ರೂ ಬೈಯಿ.”

ತಾತ ಕೆಳಗೆ, ಬೇಲಿಯ ಆಚೆ ನಿಂತು ತೆಗೆದ ವಿಡಿಯೋ. ಚಿತ್ರ ಅಲುಗಾಡುತ್ತದೆ, ಆದರೂ ಸ್ಪಷ್ಟ. ಹಡಗು ಇಳಿದು ಬರುವಾಗ ಸಾಲಿನ ಪಕ್ಕದ ಹಳದಿ ಅಂಕಿ ಕಾಣುತ್ತದೆ. ಒಂಬತ್ತು. ಹಗ್ಗ ಇಲ್ಲ. ಹುಡುಗಿ ಕೂತಿದ್ದಾಳೆ. ಎರಡೂ ಕೈ ಕಂಬಿಯ ಮೇಲೆ, ಬಿಗಿಯಾಗಿ. ಫೋನೂ ಇಲ್ಲ ಗೀನೂ ಇಲ್ಲ. ಹಡಗು ಮತ್ತೆ ಮೇಲಕ್ಕೆ ಹೋಗುತ್ತದೆ, ಕಂಬಿ ತಾನಾಗಿ ಬಾಯಿ ತೆರೆಯುತ್ತದೆ. ಆಮೇಲಿನದು ನೋಡಲಾಗಲಿಲ್ಲ. ತಾತನೇ ನಿಲ್ಲಿಸಿದರು.

“ಎದ್ದು ನಿಂತಳು, ಎದ್ದು ನಿಂತಳು ಅಂತ ಎಲ್ಲರೂ ಹೇಳಿ ಹೇಳಿ, ನಿನ್ನೆ ನನ್ನ ಕೇಳ್ತಾಳೆ ಕಣಮ್ಮ — ನಾನು ಎದ್ದು ನಿಂತಿದ್ನಾ ತಾತ? ಅಂತ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವಳು ನಾನು. ಯಾವ ಸಾಲು, ಯಾವ ಸ್ಪ್ರಿಂಗ್ ಅಂತ ಒಂದು ಮಾತು ಕೇಳಲಿಲ್ಲ. ಫೋನ್ ಅಂದರೆ ಸಾಕು, ನನ್ನ ಕಿವಿಗೆ ಬೇರೇನೂ ಕೇಳುವುದಿಲ್ಲ. ಅದು ಮ್ಯಾನೇಜರಿಗೆ ಗೊತ್ತಿತ್ತು. ಅದಕ್ಕೇ ನನ್ನ ಮುಖವನ್ನು ಬೋರ್ಡಿಗೆ ಹಾಕಿದರು.

ತಾತನ ಕೈ ಹಿಡಿದುಕೊಂಡು ಕ್ಷಮಿಸಿ ಅಂದೆ. ಯಾರೂ ವಿಡಿಯೋ ಮಾಡಲಿಲ್ಲ.

ಮೇ 13, ಬುಧವಾರ

ಮೊದಲು ಉದ್ದಣ್ಣನ ಹತ್ತಿರ ಹೋದೆ. ನೀರಿಗೆ ಬಲೆ ಹಾಕಿ ಎಲೆ ಎತ್ತುತ್ತಿದ್ದ.

“ಹಗ್ಗ ಬಿಚ್ಚಿದ್ದು ಯಾರು?”

“ನಾನೇ ಅಕ್ಕ. ರಶ್ ಇತ್ತು. ಬಿಚ್ಚು ಅಂತ ಸಾರೇ ಬಂದು ನಿಂತ್ಕೊಂಡ್ರು.”

“ಅದನ್ನೇ ಬರೆದುಕೊಡು.”

“ಸಾರ್ ಹೇಳ್ದಂಗೆ ಬೇರೆ ಬರೆದುಕೊಟ್ಟಾಗಿದೆ.” ಬಲೆ ಎತ್ತಿಕೊಂಡು ಆಚೆ ಹೋದ. ಅವನನ್ನು ಬೈಯಲು ಬಾಯಿ ಬರಲಿಲ್ಲ.

ಮೂರಕ್ಕೆ ಎ.ಸಿ. ರೂಮು. ಮತ್ತೆ ಕುರ್ಚಿ. ಟೈಪ್ ಮಾಡಿದ ಕಾಗದ: ಶುಕ್ರವಾರ ಎಲ್ಲ ಕಂಬಿ ಸರಿಯಿತ್ತು, ಅಪಘಾತಕ್ಕೆ ಮೊಬೈಲ್ ಹುಚ್ಚೇ ಕಾರಣ. ಕೆಳಗೆ ನನ್ನ ಹೆಸರಿಗೆ ಜಾಗ.

“ನೀವು ಹೇಳಿದ್ರೆ ಜನ ನಂಬ್ತಾರೆ ಮೇಡಂ. ಮೊದಲಿಂದ ಫೋನ್ ವಿರುದ್ಧ ಇದ್ದೋರು ನೀವು.”

“ಈಗ್ಲೂ ಇದೀನಿ. ಹಡಗಿನ ಮೇಲೆ ಫೋನ್ ಬೇಡ. ಕೆಳಗೆ ನಿಂತವರು ತೆಗೀಲಿ ಬಿಡಿ, ನಮಗೇನು ಭಯ? ರಿಜಿಸ್ಟರ್ ತರಿಸಿ.”

ತರಿಸಿದರು. ಶುಕ್ರವಾರದ ಹಾಳೆ ಇಲ್ಲ. ಹೊಲಿಗೆಯಲ್ಲಿ ಚೂರು ಕಾಗದ ಮಾತ್ರ ಸಿಕ್ಕಿಕೊಂಡಿದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅನ್ನುವ ಮೊದಲೇ ಊರಿನ ಕಣ್ಣನ್ನೆಲ್ಲ ಮುಚ್ಚಿಸಿದ್ದಾರೆ. ಮೂರು ಸಲ ಬರೆದುಕೊಟ್ಟರೂ ಉದ್ದಣ್ಣನ ತಲೆಗಾಗಿ ಒಂದು ಪೆಟ್ಟಿಗೆ ಇಡಲಿಲ್ಲ, ತಮ್ಮ ತಲೆಗೆ ಬಂದಾಗ ಎರಡೇ ದಿನಕ್ಕೆ ಬೋರ್ಡು!

“ಸಹಿ ಹಾಕಲ್ಲ ಸಾರ್.”

“ಯೋಚ್ನೆ ಮಾಡಿ ಹೇಳಿ.”

“ಮಾಡೇ ಹೇಳಿದ್ದು. ಇನ್ನೊಂದು ವಿಷಯ. ಗೇಟಲ್ಲಿರೋ ನನ್ನ ಮುಖ ಇಳಿಸಿ. ಇಲ್ಲಾಂದ್ರೆ ನಾನೇ ಇಳಿಸ್ತೀನಿ.”

ಸಂಜೆ ಹೋಗುವಾಗಲೂ ಇತ್ತು. ಸೆಕ್ಯುರಿಟಿಯವನ ಸ್ಟೂಲ್ ಎಳೆದುಕೊಂಡು ಹತ್ತಿದೆ. ಗಟ್ಟಿಯಾಗಿ ಅಂಟಿಸಿದ್ದರು, ಮೂಗಿನವರೆಗೆ ಮಾತ್ರ ಬಂತು. ಅಷ್ಟೇ ಸಾಕು ಅಂತ ಇಳಿದೆ. ಯಾರೋ ಹುಡುಗಿಯರು ಫೋನ್ ಎತ್ತಿ ತೆಗೆಯುತ್ತಿದ್ದರು. ತೆಗೀರಮ್ಮ, ಚೆನ್ನಾಗಿ ತೆಗೀರಿ ಅಂದೆ.

ಮೇ 19, ಮಂಗಳವಾರ

ಮನೆಯಲ್ಲೇ ಇದ್ದೇನೆ. ಪಾರ್ಕಿನ ಆಸ್ತಿ ಹಾಳು ಮಾಡಿದ್ದಕ್ಕೆ ಸಸ್ಪೆಂಡ್. ನನ್ನ ಮೂಗು ಅವರ ಆಸ್ತಿಯಂತೆ.

ಸರ್ಕಾರದ ಸುರಕ್ಷತಾ ಕಚೇರಿಗೆ ನಾಲ್ಕು ಪುಟ ಬರೆದು ಕಳಿಸಿದ್ದೆ, ಗುರುವಾರ ವಿಚಾರಣೆಗೆ ಕರೆದಿದ್ದಾರೆ. ಅಕ್ಷರ ತಿದ್ದಿದ್ದು ಮಗಳು. ತಾತನ ವಿಡಿಯೋ ಊರೆಲ್ಲ ಹರಡಿಬಿಡೋಣ ಅಂದಳು. ಹುಡುಗಿ ಬೀಳುವುದನ್ನು ಜನ ಊಟ ಮಾಡುತ್ತಾ ನೋಡುವುದು ಅವಳಮ್ಮನಿಗೆ ಬೇಡ. ನನಗೂ ಬೇಡ. ನೋಡಬೇಕಾದವರು ನೋಡಲಿ.

“ಹಾಗಾದ್ರೆ ಈ ಡೈರಿನಾದ್ರೂ ತೋರಿಸು. ಶುಕ್ರವಾರದ ದಿನ ಕಂಬಿ ವಿಷಯ ಬರೆದಿರ್ತೀಯಲ್ಲ?”

ಇದರಲ್ಲಿ ಅವಳಪ್ಪ, ಅವಳಜ್ಜಿ, ಮೇಲಿನ ಮನೆಯವಳು — ಎಲ್ಲರ ಜಾತಕವೂ ಇದೆ. ಸತ್ತರೂ ಕೊಡುವುದಿಲ್ಲ ಅಂದೆ. ಇವರು ಮಿಷನ್ ನಿಲ್ಲಿಸಿ ನನ್ನ ಕಡೆ ನೋಡಿದರು. ಆಮೇಲೆ ನಾಡಿದ್ದು ಉಡುವ ಸೀರೆಯ ಅಂಚು ಬಿಚ್ಚಿದೆ, ಕೊಡು ಹೊಲಿದಿಡುತ್ತೇನೆ ಅಂದರು. ಕೆಲಸ ಹೋದರೆ ಏನು ಗತಿ ಅಂತ ಈವರೆಗೆ ಒಂದು ಮಾತು ಕೇಳಿಲ್ಲ ಮನುಷ್ಯ.

ಮೇ 21, ಗುರುವಾರ. ಬೆಳಗ್ಗೆ 10.40

ಸುರಕ್ಷತಾ ಕಚೇರಿಯ ಪಡಸಾಲೆ. ಎದುರಿನ ಬೆಂಚಿನಲ್ಲಿ ಮ್ಯಾನೇಜರ್, ಅವರ ವಕೀಲರು, ತುದಿಯಲ್ಲಿ ಉದ್ದಣ್ಣ. ತಲೆ ಎತ್ತುತ್ತಿಲ್ಲ. ನನ್ನ ಪಕ್ಕ ತಾತ. ಅವರ ಪಕ್ಕ ಹುಡುಗಿ, ಕೈಗೆ ಪಟ್ಟಿ. ಅಮ್ಮ ನೀರು ತರಲು ಹೋಗಿದ್ದಾರೆ.

ಹುಡುಗಿ ಮೆಲ್ಲಗೆ ಕೇಳಿದಳು: “ಆಂಟಿ, ನೀವು ನೋಡಿದ್ರಾ? ನಾನು ನಿಂತಿರಲಿಲ್ಲ ಅಲ್ವಾ?”

“ನಿಂತಿರಲಿಲ್ಲ ಮಗಳೇ. ಗಟ್ಟಿಯಾಗಿ ಹಿಡ್ಕೊಂಡು ಕೂತಿದ್ದೆ. ಕಣ್ಣಾರೆ ನೋಡಿದೀನಿ.”

10.55

ಪ್ಯೂನ್ ಟ್ರೇ ಹಿಡಿದು ಬಂದ. ಒಳಗೆ ಮೊಬೈಲ್ ತರುವಂತಿಲ್ಲವಂತೆ, ಇಲ್ಲೇ ಇಡಬೇಕಂತೆ. ಮ್ಯಾನೇಜರ್ ಇಟ್ಟರು. ವಕೀಲರು ಇಟ್ಟರು. ತಾತ ಜೇಬಿಗೆ ಕೈ ಹಾಕಿದರು.

“ಕೊಡಬೇಡಿ ತಾತ.”

“ರೂಲ್ಸ್ ಮೇಡಂ,” ಅಂದ ಪ್ಯೂನ್.

“ರೂಲ್ಸ್ ನನಗೆ ಹೇಳ್ಕೊಡಬೇಡಪ್ಪ. ಈ ಫೋನ್ ಒಳಗೆ ಬರುತ್ತೆ. ಹೋಗಿ ನಿಮ್ಮ ಸಾಹೇಬರಿಗೆ ಹೇಳು.”

ಹೇಳಲು ಹೋಗಿದ್ದಾನೆ. ಮ್ಯಾನೇಜರ್ ನಗುತ್ತಿದ್ದಾರೆ. ನಗಲಿ. ಅಕ್ಷರ ಸೊಟ್ಟ ಬರುತ್ತಿದೆ. ತಾತನ ಫೋನ್ ಈಗ ನನ್ನ ಮಡಿಲಲ್ಲಿದೆ. ಬಾಗಿಲು ತೆರೆಯಿತು. ಸಾಹೇಬರೇ ಬಂದಿದ್ದಾರೆ. ಯಾರೇ ಕೇಳಲಿ, ಆ ಎರಡು ಪುಟ್ಟ ಕೈಗಳನ್ನು ಅವರೆಲ್ಲ ನೋಡುವವರೆಗೆ ಈ ಫೋನನ್ನು ನಾನು ಯಾರ ಕೈಗೂ