ಮಧ್ಯಾಹ್ನ ಮಲಗುವ ಬಾಯ್ಲರ್

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6

ಕೆಳಗೆ ಲಾಂಡ್ರಿಯಲ್ಲಿ ಬಾಯ್ಲರ್ ಹೊತ್ತಿಸಿದರು. ನನ್ನ ಕೋಣೆಯ ನೆಲ ಬಿಸಿಯಾದಾಗಲೇ ಗೊತ್ತಾಗುತ್ತದೆ. ಒಂಬತ್ತು ಲಾಡ್ಜುಗಳ ಬಟ್ಟೆಯೂ ಬಂದಿದೆ. ಮೂರನೆಯದರ ದಿಂಬಿನ ಕವರುಗಳಲ್ಲಿ ಮತ್ತೆ ಎಣ್ಣೆ ಕಲೆ. ಮೆಷಿನ್ನಿಗೆ ಹಾಕಿದ್ದನ್ನು ತೆಗೆಸಿ ಸೋಡಾದಲ್ಲಿ ನೆನೆಸಿಟ್ಟೆ. ನಾನು ನೋಡದಿದ್ದರೆ ಹಾಗೇ ಹೋಗುತ್ತಿತ್ತು.

ಸಂಜೆ 5

ದೊಡ್ಡಾಸ್ಪತ್ರೆಯ ಅಧಿಕಾರಿ ಬಂದಿದ್ದ. ಆಸ್ಪತ್ರೆಯ ಅಷ್ಟೂ ಬಟ್ಟೆ ನಮ್ಮ ಲಾಂಡ್ರಿಗೇ ಅಂತೆ. ಆದರೆ ದಿನಾ ಬೆಳಗಿನ ಐದಕ್ಕೆ ತಲುಪಬೇಕು. ಬೇರೆ ಗಿರಾಕಿ ಇರಬಾರದು. ಅಂದರೆ ಒಂಬತ್ತು ಲಾಡ್ಜಿಗೂ ಕೈಮುಗಿಯಬೇಕು. ಮುಂದಿನ ಸೋಮವಾರ ಸಹಿ.

ಎಲ್ಲರನ್ನೂ ಕರೆದೆ. "ಬಾಯ್ಲರ್ ದಿನಕ್ಕೆ ಹದಿನೆಂಟು ಗಂಟೆ ಉರೀಬೇಕು. ಆಗುತ್ತಾ?"

"ನೀವು ಹೇಳಿದ್ಮೇಲೆ ಆಗದೇ ಇರುತ್ತಾ ಅಮ್ಮಾ?" ಅಂದ ಬಾಯ್ಲರಿನವನು.

"ಆಗುತ್ತೆ ಅತ್ತೆ," ಅಂದಳು ಸೊಸೆ. ಇಸ್ತ್ರಿಯ ಹೆಂಗಸರು ತಲೆಯಾಡಿಸಿದರು.

ಎರಡು ನಿಮಿಷದಲ್ಲಿ ಮುಗಿಯಿತು. ಆದರೂ ಮನಸ್ಸು ಒಪ್ಪುತ್ತಿಲ್ಲ. ಯಾಕೋ...

ಮಾರ್ಚ್ 4, ಮಂಗಳವಾರ

ನಾದಿನಿಯ ಫೋನು. "ಆಸ್ಪತ್ರೆ ನಿಮಗೇ ಸಿಕ್ತಂತೆ ಅತ್ತಿಗೆ? ಇನ್ನು ನಿಮ್ಮನ್ನ ಹಿಡಿಯೋರಿಲ್ಲ ಬಿಡಿ!" ಹೂಂ ಅಂದೆ. ಅನ್ನಬಾರದಿತ್ತು. ಅವಳಿಗೆ ಹೇಳಿದರೆ ಡಂಗುರ ಸಾರಿದಂತೆ.

ನಿನ್ನೆ ರಾತ್ರಿ ನಿದ್ದೆಯಿಲ್ಲ. ನಮ್ಮ ಯಜಮಾನರು ಇದ್ದಾಗ, ಹೊಸ ಕೆಲಸ ಹಿಡಿಯುವ ಮುಂಚೆ ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತಿದ್ದರು. ಇವತ್ತು ಅದನ್ನೇ ಕೇಳಿದೆ. ಎಲ್ಲರಿಗೂ ಚೀಟಿ ಕೊಟ್ಟೆ, ಹೆಸರು ಬೇಡ ಅಂದೆ. "ಒಂದು ವರ್ಷದ ಮೇಲೆ ಲಾಂಡ್ರಿ ಮುಚ್ಚಿದೆ ಅಂದ್ಕೊಳ್ಳಿ. ಯಾಕೆ ಮುಚ್ಚಿತು, ಬರೀರಿ."

ಹನ್ನೊಂದು ಚೀಟಿ. ಒಂಬತ್ತರಲ್ಲಿ "ಮುಚ್ಚಲ್ಲ ಅಮ್ಮ". ಒಂದರಲ್ಲಿ "ಬಿಡ್ತು ಅನ್ನಿ". ಕೊನೆಯದರಲ್ಲಿ, ಪೆನ್ಸಿಲಿನಲ್ಲಿ: "ಮಧ್ಯಾಹ್ನ ಎರಡೂವರೆಗೆ ಕೆಳಗೆ ಬನ್ನಿ."

ಎರಡರಿಂದ ನಾಲ್ಕು ನಾನು ಮಲಗುವ ಹೊತ್ತು. ಎಲ್ಲರಿಗೂ ಗೊತ್ತು.

ಮಾರ್ಚ್ 6, ಗುರುವಾರ. ಮಧ್ಯಾಹ್ನ 3.30

ನಿನ್ನೆ ಹೋಗಲಿಲ್ಲ. ಹೆಸರಿಲ್ಲದ ಚೀಟಿಗೆ ನಾನು ಮೆಟ್ಟಿಲಿಳಿಯುವುದೇ? ಮಲಗಿದೆ, ಕಣ್ಣು ಮುಚ್ಚಲಿಲ್ಲ. ಇವತ್ತು ಎರಡೂವರೆಗೆ ಎದ್ದು ಕಾಲಿಟ್ಟೆ. ನೆಲ ತಣ್ಣಗಿತ್ತು.

ಕೆಳಗೆ ಸದ್ದಿಲ್ಲ. ಇಸ್ತ್ರಿ ಯಂತ್ರಗಳೆಲ್ಲ ಬಾಯಿ ತೆರೆದುಕೊಂಡು ನಿಂತಿವೆ. ಬಾಯ್ಲರಿನವನು ಸ್ಪ್ಯಾನರ್ ಹಿಡಿದು ಕೊಳವೆಯ ಕೆಳಗೆ ಕೂತಿದ್ದ.

"ಈಗ ತಾನೇ ನಿಲ್ಸಿದ್ದು ಅಮ್ಮಾ..."

"ಸುಳ್ಳು ಬೇಡ. ಎಷ್ಟು ದಿನದಿಂದ?"

"ಹೋದ ಚಳಿಗಾಲದಿಂದ. ಕೊಳವೆ ಸೋರುತ್ತೆ. ದಿನಾ ಎರಡು ಗಂಟೆ ಆರಿಸಿ ಬಿಗಿ ಮಾಡ್ಲಿಲ್ಲ ಅಂದ್ರೆ ಸಂಜೆಗೆ ಉಗಿ ಇರಲ್ಲ."

"ಮತ್ತೆ ಹದಿನೆಂಟು ಗಂಟೆ ಆಗುತ್ತೆ ಅಂದ್ಯಲ್ಲಯ್ಯಾ!"

"ಆಗಲ್ಲ ಅಂದವನ ಗತಿ ನೋಡಿದ್ದೀನಲ್ಲಮ್ಮಾ."

ಇಸ್ತ್ರಿ ಮೇಜಿನ ಹತ್ತಿರ ನಿಂತಿದ್ದ ಸೊಸೆ ತಲೆ ತಗ್ಗಿಸಿಯೇ ಹೇಳಿದಳು: "ಲಾಡ್ಜಿಗೆ ಬಟ್ಟೆ ಗಾಡಿ ತಡ ಆದಾಗೆಲ್ಲ ನಿಮಗೆ ಟ್ರಾಫಿಕ್ ಅಂದಿದ್ದೆ ಅತ್ತೆ. ಟ್ರಾಫಿಕ್ ಇರಲಿಲ್ಲ."

ಬೈಯಲು ಬಾಯಿ ತೆರೆದೆ. ಯಾರನ್ನು ಬೈಯಲಿ? ಬೆಕ್ಕಿಗೆ ಗಂಟೆ ಕಟ್ಟುವವರಿಲ್ಲ ಎಂದು ಬೇರೆಯವರ ಮನೆ ನೋಡಿ ನಗುತ್ತಿದ್ದೆ. ಬೆಕ್ಕು ನಾನೇ.

ಚೀಟಿ ಯಾರದೆಂದು ಕೇಳಲಿಲ್ಲ. ಕೇಳಿದರೆ ಇನ್ನೊಂದು ಚೀಟಿ ಬರುವುದಿಲ್ಲ.

ಮಾರ್ಚ್ 9, ಭಾನುವಾರ

ಎರಡು ದಿನ ಬರೆಯಲಿಲ್ಲ. ಬಾಯ್ಲರಿನವನು ನೆನಪಿಸಿದ ಆ ಇಸ್ತ್ರಿ ಮೇಸ್ತ್ರಿಯ ಮುಖವೇ ಕಣ್ಣ ಮುಂದೆ. ಏಳು ವರ್ಷದ ಹಿಂದೆ ಗಿರಾಕಿಯ ಎದುರೇ "ಇಷ್ಟು ಪರದೆ ಒಂದೇ ದಿನದಲ್ಲಿ ಆಗಲ್ಲಮ್ಮ" ಅಂದ. ಸಂಜೆಯೊಳಗೆ ಕೆಲಸದಿಂದ ತೆಗೆದು ಮನೆಗೆ ಕಳಿಸಿದೆ. ಪರದೆ ಒಂದು ದಿನದಲ್ಲಿ ಒಣಗಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ. ಆಮೇಲೆ ಈ ಕಟ್ಟಡದಲ್ಲಿ "ಆಗಲ್ಲ" ಅನ್ನುವ ಮಾತು ಕೇಳಲೂ ಇಲ್ಲ. ನನ್ನ ಶಿಸ್ತು ಎಂದುಕೊಂಡಿದ್ದೆ.

ಹೊಸ ಬಾಯ್ಲರ್ ಬರಲು ನಾಲ್ಕು ತಿಂಗಳಂತೆ. ಸೊಸೆಯನ್ನೂ ಬಾಯ್ಲರಿನವನನ್ನೂ ಕೂರಿಸಿಕೊಂಡೆ. ಮೊದಲು ಅವರು ಮಾತಾಡಲಿ ಎಂದು ತುಟಿ ಬಿಗಿಹಿಡಿದಿದ್ದೆ. ಕೊನೆಗೆ ಆಸ್ಪತ್ರೆಯ ಎರಡೇ ವಾರ್ಡು ಎಂದಾಯಿತು. ಲಾಡ್ಜುಗಳನ್ನು ಬಿಡುವುದಿಲ್ಲ. ಉಳಿದದ್ದು ಬಾಯ್ಲರ್ ಬಂದ ಮೇಲೆ. ಹಾಸಿಗೆ ಇದ್ದಷ್ಟು ಕಾಲು ಚಾಚು — ದಿನಾ ನಾನೂರು ಹಾಸು ಒಗೆಯುವವಳಿಗೆ ಇದು ನೆನಪಾಗಲು ಇಷ್ಟು ದಿನ.

ಆಸ್ಪತ್ರೆಯ ಅಧಿಕಾರಿ ಒಪ್ಪದೆ ಎದ್ದು ಹೋದರೆ? ಮತ್ತೆ ಈ ಕಡೆ ತಲೆ ಹಾಕದಿದ್ದರೆ? ನಾದಿನಿಗೆ ಏನೆಂದು ಹೇಳಲಿ...

ಮಾರ್ಚ್ 10, ಸೋಮವಾರ. 9.50

ಆಫೀಸಿನಲ್ಲಿ ಕೂತಿದ್ದೇನೆ. ಹನ್ನೊಂದು ಜನರನ್ನೂ ಕರೆಸಿದ್ದೇನೆ. ಬೆಳಿಗ್ಗೆ ಕನ್ನಡಿಯ ಮುಂದೆ ಆ ಮಾತನ್ನು ಎರಡು ಸಲ ಹೇಳಿ ನೋಡಿದೆ. ನಾಲಿಗೆ ಹೊರಳಲಿಲ್ಲ.

"ನಾನು ಹೇಳ್ಲಾ ಅತ್ತೆ?"

"ಬೇಡ. ನಾನು ಹೇಳೋದನ್ನ ಇವರೆಲ್ಲ ಕೇಳಬೇಕು."

ಕಾಲ ಕೆಳಗೆ ನೆಲ ಬಿಸಿ. ಹೊರಗೆ ಕಾರು ನಿಂತಿತು. ಬಾಯ್ಲರಿನವನು ನನ್ನ ಮುಖವನ್ನೇ ನೋಡುತ್ತಿದ್ದಾನೆ. ಸೊಸೆ ಬಾಗಿಲು ತೆರೆದಳು. ಕೂರಿ ಅನ್ನುವ ಮೊದಲೇ ಆ ಮಾತು ಹೇಳಿಬಿಡಬೇಕು: "ಆಗಲ್ಲ."